‘ಬಿಳಿ ದ್ರವ್ಯದಲ್ಲಿ ಬದಲಾವಣೆ’ ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಅಪರೂಪದ ಆನುವಂಶಿಕ ಕಾಯಿಲೆಗಳ ಕುರಿತು ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ವಂಶವಾಹಿ ಪರೀಕ್ಷೆ ಎಷ್ಟು ಮುಂದೆ ಬಂದಿದೆ ಎಂಬುದನ್ನು ಲೇಖಕರು ತಿಳಿಯಾಗಿ ವಿವರಿಸಿದ್ದಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದಿಷ್ಟು ರಕ್ತ ಕೊಟ್ಟರೆ ಉತ್ತರ ಸಿಗುವ ಈ ಕಾಲದಲ್ಲಿ ಮಿದುಳಿನ ಸ್ಕ್ಯಾನ್ ಬರೀ ಶಾಸ್ತ್ರಕ್ಕೆ ಮಾಡಿಸುವ ಪರೀಕ್ಷೆಯಾಗಿದೆ ಎಂಬ ಅರ್ಥ ಬರುವ ಮಾತೊಂದು ಅದರಲ್ಲಿತ್ತು. ಮಕ್ಕಳ ಮಿದುಳಿನ ಎಂಆರ್‌ಐ ಚಿತ್ರಗಳನ್ನು ಓದುವುದನ್ನೇ ವೃತ್ತಿ ಮಾಡಿಕೊಂಡಿರುವ ರೇಡಿಯಾಲಜಿಸ್ಟ್ ಆಗಿ ಆ ಮಾತನ್ನು ಹಾಗೆಯೇ ಬಿಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ. ಅದರಲ್ಲೂ ಮಿದುಳಿನ ಬಿಳಿ ದ್ರವ್ಯವನ್ನು ಕಾಡುವ, ಲ್ಯುಕೋಡಿಸ್ಟ್ರೋಫಿ ಎಂದು ಒಟ್ಟಾಗಿ ಕರೆಯಲಾಗುವ ಕಾಯಿಲೆಗಳ ವಿಷಯದಲ್ಲಿ ಆ ಮಾತು ತಪ್ಪು ಮಾತ್ರವಲ್ಲ, ಕೆಲವು ಮಕ್ಕಳ ಪಾಲಿಗೆ ಅಪಾಯಕಾರಿಯೂ ಹೌದು.

ಮೊದಲಿಗೆ ಬಿಳಿ ದ್ರವ್ಯ ಎಂದರೇನು ಎಂಬುದನ್ನು ಹೇಳಿಬಿಡುತ್ತೇನೆ. ಮಿದುಳಿನ ಹೊರಪದರದಲ್ಲಿ ಮತ್ತು ಆಳದ ಕೆಲವು ಗಂಟುಗಳಲ್ಲಿ ನರಕೋಶಗಳ ಒಡಲು ಇರುತ್ತದೆ. ಅದು ಬೂದು ದ್ರವ್ಯ. ಆ ಕೋಶಗಳಿಂದ ಹೊರಟ ಉದ್ದನೆಯ ತಂತುಗಳು ಕಂತೆ ಕಂತೆಯಾಗಿ ಹರಿಯುವ ಭಾಗವೇ ಬಿಳಿ ದ್ರವ್ಯ. ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಪದರ ಪದರವಾಗಿ ಸುತ್ತಿಕೊಂಡಿರುತ್ತದೆ, ಬಿಳಿ ಬಣ್ಣ ಬರುವುದು ಅದರಿಂದಲೇ. ಹೊದಿಕೆ ಸರಿಯಾಗಿದ್ದರೆ ನರಸಂದೇಶ ವೇಗವಾಗಿ ಓಡುತ್ತದೆ. ಅದು ಕೆಟ್ಟರೆ ಸಂದೇಶ ನಿಧಾನವಾಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ನಡೆಯುತ್ತಿದ್ದ ಮಗು ಎಡವತೊಡಗುತ್ತದೆ, ಮಾತು ತೊದಲುತ್ತದೆ, ನೋಟ ಮಂಕಾಗುತ್ತದೆ, ಕಲಿತದ್ದು ಒಂದೊಂದಾಗಿ ಕಳೆದುಹೋಗುತ್ತದೆ. ಈ ಹೊದಿಕೆಯನ್ನು ಕಟ್ಟುವ, ಕಾಯುವ ಅಥವಾ ಅದರಲ್ಲಿನ ಕೊಬ್ಬನ್ನು ಕರಗಿಸಿ ವಿಲೇವಾರಿ ಮಾಡುವ ಯಾವುದೋ ಒಂದು ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿರುವುದು ಈ ಕಾಯಿಲೆಗಳ ಮೂಲ.

ಎಂಆರ್‌ಐ ಯಂತ್ರಕ್ಕೆ ಮಯಲಿನ್ ನೇರವಾಗಿ ಕಾಣುವುದಿಲ್ಲ, ಅದು ಮುಖ್ಯವಾಗಿ ನೋಡುವುದು ನೀರನ್ನು. ಕೊಬ್ಬಿನ ಹೊದಿಕೆ ದಟ್ಟವಾಗಿರುವಲ್ಲಿ ನೀರಿಗೆ ಜಾಗ ಕಡಿಮೆ. ಹಾಗಾಗಿ ಟಿ2 ಎಂಬ ಬಗೆಯ ಚಿತ್ರದಲ್ಲಿ ಆರೋಗ್ಯವಂತ ಬಿಳಿ ದ್ರವ್ಯ ಕಪ್ಪಾಗಿ ತೋರುತ್ತದೆ. ಹೊದಿಕೆ ಹರಿದಲ್ಲಿ ನೀರು ನುಗ್ಗಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಇಷ್ಟನ್ನು ಗುರುತಿಸಲು ಹೆಚ್ಚಿನ ಪರಿಣತಿ ಬೇಕಿಲ್ಲ. ಆದ್ದರಿಂದಲೇ ರಿಪೋರ್ಟಿನಲ್ಲಿ ಒಂದು ಸಿದ್ಧ ವಾಕ್ಯ ಬಂದು ಕೂರುತ್ತದೆ: ‘ಎರಡೂ ಬದಿಯ ಬಿಳಿ ದ್ರವ್ಯದಲ್ಲಿ ನಿರ್ದಿಷ್ಟವಲ್ಲದ ಬದಲಾವಣೆಗಳಿವೆ, ರೋಗಲಕ್ಷಣಗಳೊಂದಿಗೆ ಹೋಲಿಸಿ ನೋಡುವುದು.’ ನಾನೂ ನನ್ನ ಆರಂಭದ ವರ್ಷಗಳಲ್ಲಿ ಈ ವಾಕ್ಯವನ್ನು ಎಷ್ಟೋ ಸಲ ಬರೆದಿದ್ದೇನೆ. ಈ ಪತ್ರ ಮುಖ್ಯವಾಗಿ ಆ ವಾಕ್ಯದ ವಿರುದ್ಧವೇ.

ಏಕೆಂದರೆ ಬಿಳಿ ದ್ರವ್ಯ ಎಲ್ಲ ಕಾಯಿಲೆಗಳಲ್ಲೂ ಒಂದೇ ರೀತಿ ಕೆಡುವುದಿಲ್ಲ. ಎಲ್ಲಿಂದ ಶುರುವಾಯಿತು, ಯಾವ ದಿಕ್ಕಿಗೆ ಹರಡುತ್ತಿದೆ, ಎಲ್ಲಿಗೆ ಬಂದು ನಿಂತಿದೆ, ಯಾವುದನ್ನು ಮುಟ್ಟದೆ ಬಿಟ್ಟಿದೆ ಎಂಬುದರಲ್ಲಿ ಒಂದೊಂದು ಕಾಯಿಲೆಗೂ ತನ್ನದೇ ಆದ ಜಾಡು ಇದೆ. ಈ ಜಾಡು ಹಿಡಿಯುವ ವಿದ್ಯೆಯನ್ನು ಶಿಸ್ತಾಗಿ ಕಟ್ಟಿದವರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮಕ್ಕಳ ನರರೋಗ ತಜ್ಞೆ ಮಾರ್ಯೊ ವಾನ್ ಡೆರ್ ಕ್ನಾಪ್ ಅವರ ಹೆಸರು ಮೊದಲು ಬರುತ್ತದೆ. ಕಾರಣ ತಿಳಿಯದೆ ಉಳಿದ ಮಕ್ಕಳ ಸ್ಕ್ಯಾನ್‌ಗಳನ್ನು ಒಂದೆಡೆ ಕೂಡಿಹಾಕಿ, ಒಂದರ ಪಕ್ಕ ಒಂದಿಟ್ಟು, ಒಂದೇ ಥರ ಕಂಡವನ್ನು ಗುಂಪು ಮಾಡುತ್ತ ಹೋದ ಅವರ ತಂಡವು ಅದುವರೆಗೆ ಹೆಸರೇ ಇಲ್ಲದಿದ್ದ ಹಲವು ಕಾಯಿಲೆಗಳನ್ನು ಹೀಗೆಯೇ ಬೇರ್ಪಡಿಸಿತು. ಮೊದಲು ಚಿತ್ರ, ಆಮೇಲೆ ವಂಶವಾಹಿ ಎಂಬ ಈ ಕ್ರಮವನ್ನು ಓದುಗರು ಗಮನಿಸಬೇಕೆಂದು ಕೋರುತ್ತೇನೆ. ದೊಡ್ಡ ತಲೆ, ಊದಿಕೊಂಡ ಬಿಳಿ ದ್ರವ್ಯ, ಕಿವಿಯ ಬದಿಯ ಮಿದುಳಿನ ಭಾಗದಲ್ಲಿ ನೀರಿನ ಗುಳ್ಳೆಗಳು ಇರುವ ಎಂಎಲ್‌ಸಿ ಎಂಬ ಕಾಯಿಲೆಯನ್ನು ಅವರ ತಂಡ ವಿವರಿಸಿದ್ದು 1995ರಲ್ಲಿ. ಅದರ ವಂಶವಾಹಿ ಸಿಕ್ಕಿದ್ದು 2001ರಲ್ಲಿ. ಮಿದುಳು ಕಾಂಡ ಮತ್ತು ಬೆನ್ನುಹುರಿಯ ನಿರ್ದಿಷ್ಟ ನರಮಾರ್ಗಗಳನ್ನಷ್ಟೇ ಆರಿಸಿ ಹಿಡಿಯುವ ಎಲ್‌ಬಿಎಸ್‌ಎಲ್ ಕಾಯಿಲೆಯನ್ನು 2003ರಲ್ಲಿ ಚಿತ್ರದಿಂದಲೇ ಗುರುತಿಸಲಾಯಿತು. ವಂಶವಾಹಿ 2007ರಲ್ಲಿ ತಿಳಿಯಿತು.

ಸ್ಕ್ಯಾನ್ ಓದುವವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಈ ಮಗುವಿನಲ್ಲಿ ಮಯಲಿನ್ ಕಟ್ಟಿಕೊಳ್ಳಲೇ ಇಲ್ಲವೇ, ಅಥವಾ ಕಟ್ಟಿಕೊಂಡದ್ದು ಹಾಳಾಗುತ್ತಿದೆಯೇ? ಹುಟ್ಟಿದ ಮಗುವಿನ ಮಿದುಳಿನಲ್ಲಿ ಮಯಲಿನ್ ಇರುವುದು ಕೆಲವೇ ಜಾಗಗಳಲ್ಲಿ. ಆಮೇಲೆ ಅದು ಹಿಂದಿನಿಂದ ಮುಂದಕ್ಕೆ, ನಡುವಿನಿಂದ ಅಂಚಿಗೆ ಹಬ್ಬುತ್ತ ಸುಮಾರು 2 ವರ್ಷದ ಹೊತ್ತಿಗೆ ಚಿತ್ರದಲ್ಲಿ ಬಹುಮಟ್ಟಿಗೆ ದೊಡ್ಡವರ ಮಿದುಳಿನಂತೆಯೇ ಕಾಣುತ್ತದೆ. ಹಾಗಾಗಿ ಮಗುವಿನ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ತಿಳಿಯದೆ ಬಿಳಿ ದ್ರವ್ಯದ ಬಗ್ಗೆ ಮಾತನಾಡುವಂತೆಯೇ ಇಲ್ಲ. 8 ತಿಂಗಳಿಗೆ ಸಹಜವಾದದ್ದು 3 ವರ್ಷಕ್ಕೆ ಸಹಜವಲ್ಲ. ಮಯಲಿನ್ ಕಟ್ಟಿಕೊಳ್ಳದ ಪೆಲಿಝೇಯಸ್–ಮರ್ಟ್ಸ್‌ಬಾಕರ್ ಮುಂತಾದ ಕಾಯಿಲೆಗಳಲ್ಲಿ ಟಿ2 ಚಿತ್ರದ ಬಿಳುಪು ಸೌಮ್ಯವಾಗಿರುತ್ತದೆ, ಮಿದುಳಿನ ತುಂಬ ಸಮನಾಗಿ ಹರಡಿರುತ್ತದೆ. ಹಾಳಾಗುವ ಕಾಯಿಲೆಗಳಲ್ಲಿ ಅದು ಕಣ್ಣಿಗೆ ರಾಚುತ್ತದೆ, ಟಿ1 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಅದೇ ಜಾಗ ಗಾಢ ಕಪ್ಪಾಗುತ್ತದೆ. ಅನುಮಾನವಿದ್ದರೆ ಕನಿಷ್ಠ 6 ತಿಂಗಳ ಅಂತರದಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿ, ಎರಡನ್ನೂ ಒಟ್ಟಿಗಿಟ್ಟು ನೋಡಬೇಕು. ಆ ಎರಡನೆಯದು ಮಗುವಿಗೆ 1 ವರ್ಷ ತುಂಬಿದ ಮೇಲಿನದ್ದಾಗಿರಬೇಕು. ಎರಡನೇ ಸ್ಕ್ಯಾನಿನಲ್ಲೂ ಮಯಲಿನ್ ಕಟ್ಟುವ ಕೆಲಸ ಏನೂ ಮುಂದುವರಿದಿಲ್ಲವೆಂದರೆ, ಅದು ಕಟ್ಟಿಕೊಳ್ಳುತ್ತಲೇ ಇಲ್ಲ ಎಂಬುದಕ್ಕೆ ಅದೇ ದೊಡ್ಡ ಸುಳಿವು.

ಆಮೇಲಿನ ಪ್ರಶ್ನೆ, ಎಲ್ಲಿ? ಇದನ್ನು ನನ್ನ ಅನುಭವದ ಒಂದು ಪ್ರಸಂಗದ ಮೂಲಕ ಹೇಳುತ್ತೇನೆ. 7 ವರ್ಷದ ಹುಡುಗನೊಬ್ಬನನ್ನು ತಂದೆ ತಾಯಿ ಕರೆತಂದಿದ್ದರು. ಶಾಲೆಯಲ್ಲಿ ಕರೆದರೆ ಓಗೊಡುವುದಿಲ್ಲ, ಅಕ್ಷರ ಹದಗೆಟ್ಟಿದೆ, ಹಟಮಾರಿಯಾಗಿದ್ದಾನೆ ಎಂಬ ದೂರುಗಳಿಂದ ಶುರುವಾಗಿ, ಈಚೆಗೆ ಮೆಟ್ಟಿಲಿಳಿಯುವಾಗ ತಡವರಿಸುತ್ತಾನೆ ಎಂಬಲ್ಲಿಗೆ ಬಂದಿತ್ತು. ಸ್ಕ್ಯಾನಿನಲ್ಲಿ ಮಿದುಳಿನ ಹಿಂಭಾಗದಲ್ಲಿ, ಎಡ ಬಲ ಎರಡರಲ್ಲೂ, ನಡುವಿನ ಸೇತುವೆಯಂಥ ನರಕಂತೆಯನ್ನು ದಾಟಿ ಚಾಚಿದ ಬಿಳುಪು ಚಿಟ್ಟೆಯ ರೆಕ್ಕೆಯಂತೆ ತೆರೆದುಕೊಂಡಿತ್ತು. ಕೆಲವು ಭಾಗಗಳನ್ನು ಚಿತ್ರದಲ್ಲಿ ಎದ್ದು ಕಾಣಿಸುವ ಕಾಂಟ್ರಾಸ್ಟ್ ಔಷಧಿ ಕೊಟ್ಟ ಮೇಲೆ ಆ ರೆಕ್ಕೆಗಳ ಮುಂದಂಚು ಮಾತ್ರ ಸಣ್ಣ ಗೆರೆಯಾಗಿ ಬೆಳಗಿತು. ಕಾಯಿಲೆ ಆ ಗೆರೆಯ ಹಿಂದಿನದನ್ನು ತಿಂದು ಮುಗಿಸಿ, ಗೆರೆಯ ಗುಂಟ ಮುಂದಕ್ಕೆ ಹೆಜ್ಜೆ ಇಡುತ್ತಿರುವುದರ ಗುರುತು ಅದು. ಎಕ್ಸ್ ಕ್ರೋಮೋಸೋಮಿಗೆ ಸೇರಿದ ಅಡ್ರಿನೋಲ್ಯುಕೋಡಿಸ್ಟ್ರೋಫಿಯ ಚಿತ್ರ ಬಹುತೇಕ ಹೀಗೆಯೇ ಇರುತ್ತದೆ. ನಾನು ತಾಯಿಯನ್ನು ಕರೆದು, ಹುಡುಗನ ಮೈಬಣ್ಣದಲ್ಲಿ ಬದಲಾವಣೆ ಕಂಡಿದ್ದೀರಾ ಎಂದು ಕೇಳಿದೆ. “ಹೌದು ಡಾಕ್ಟ್ರೇ, ಎರಡು ವರ್ಷದಿಂದ ಕಪ್ಪಾಗ್ತಾನೇ ಇದ್ದಾನೆ. ಬಿಸಿಲಲ್ಲಿ ಆಡ್ತಾನಲ್ಲ, ಅದಕ್ಕೇ ಅಂದ್ಕೊಂಡ್ವಿ” ಎಂದರು. ಈ ಕಾಯಿಲೆಯಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೂ ಸೋಲುವುದರಿಂದ ಮೈ ಕಪ್ಪಾಗುತ್ತದೆ. ರಕ್ತದಲ್ಲಿ ಅತಿ ಉದ್ದದ ಕೊಬ್ಬಿನಾಮ್ಲಗಳ ಪರೀಕ್ಷೆ ಮತ್ತು ಈ ಕಾಯಿಲೆಗೆ ಕಾರಣವಾಗುವ ಎಬಿಸಿಡಿ1 ಎಂಬ ವಂಶವಾಹಿಯ ಪರೀಕ್ಷೆ ಎರಡೂ ಅದನ್ನೇ ಖಚಿತಪಡಿಸಿದವು.

ತಾಯಿ ಹೊರಡುವ ಮುನ್ನ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು, ಒಂದು ವರ್ಷದ ಹಿಂದೆ ಬೇರೆಡೆ ಮಾಡಿಸಿದ್ದು ಎಂದು ಹಳೆಯ ಫಿಲ್ಮ್‌ಗಳನ್ನು ಕೊಟ್ಟರು. ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದೆ. ಅದೇ ಜಾಗದಲ್ಲಿ, ಆ ಸೇತುವೆಯ ಹಿಂಬದಿಯ ತುದಿಯಲ್ಲಿ, ಕಿರುಬೆರಳ ಉಗುರಿನಷ್ಟು ಬಿಳುಪು ಆಗಲೇ ಕುಳಿತಿತ್ತು. ಜೊತೆಗಿದ್ದ ರಿಪೋರ್ಟಿನಲ್ಲಿ ಅದೇ ಸಿದ್ಧ ವಾಕ್ಯ. ಬರೆದವರ ಮೇಲೆ ಕಲ್ಲೆಸೆಯುವ ಹಕ್ಕು ನನಗಿಲ್ಲ. ಆದರೆ ಈ ಕಾಯಿಲೆಯಲ್ಲಿ ಅಸ್ಥಿಮಜ್ಜೆ ಕಸಿ ಫಲ ಕೊಡಬಲ್ಲದೆಂದು 1990ರಲ್ಲೇ ವರದಿಯಾಗಿತ್ತು. ಆ ಫಲ ಸಿಗುವುದು ಚಿತ್ರದಲ್ಲಿ ಹಾನಿ ಇನ್ನೂ ಅತ್ಯಲ್ಪವಾಗಿದ್ದಾಗ ಮಾತ್ರ ಎಂಬುದೂ ಬಹುಕಾಲದಿಂದ ಗೊತ್ತಿರುವ ಸಂಗತಿ. ಹಾನಿಯನ್ನು ಅಳೆಯಲು 1994ರಿಂದ ಲೋಸ್ ಅಂಕ ಎಂಬ 34 ಅಂಕಗಳ ಪಟ್ಟಿಯೇ ಇದೆ. ಅದರಲ್ಲಿ 1 ಅಥವಾ 2 ಅಂಕ ಬಂದ ಹುಡುಗನಿಗೂ 15 ಅಂಕ ಬಂದ ಹುಡುಗನಿಗೂ ಮುಂದಿನ ಬದುಕು ಬೇರೆ ಬೇರೆಯೇ. ಆ ಫಿಲ್ಮ್ ತೆಗೆದ ದಿನದಿಂದ ನನ್ನ ಮೇಜಿಗೆ ಬಂದ ದಿನದವರೆಗಿನ ಒಂದು ವರ್ಷ ಆ ಮಗುವಿನ ಪಾಲಿಗೆ ಮತ್ತೆ ಸಿಗಲಿಲ್ಲ.

ಆ ಮನೆಯಲ್ಲಿ 3 ವರ್ಷದ ತಮ್ಮನೊಬ್ಬನಿದ್ದ. ದೋಷವಿರುವ ವಂಶವಾಹಿ ತಾಯಿಯಿಂದ ಬಂದಿದ್ದರೆ ಪ್ರತಿ ಗಂಡುಮಗುವಿಗೂ ಅದು ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆ ಮಾಡಿದಾಗ ಅವನಲ್ಲೂ ಇತ್ತು. ಆದರೆ ಮಿದುಳಿನ ಚಿತ್ರ ಶುದ್ಧವಾಗಿತ್ತು. ಇಲ್ಲಿ ತಮ್ಮ ಲೇಖಕರ ಮಾತು ಪೂರ್ತಿ ತಲೆಕೆಳಗಾಗುವುದನ್ನು ಗಮನಿಸಬೇಕು. ವಂಶವಾಹಿ ಪರೀಕ್ಷೆ ತನ್ನ ಉತ್ತರ ಕೊಟ್ಟು ಮುಗಿಸಿದೆ, ಆದರೂ ಆ ಹುಡುಗನ ಮಿದುಳಿಗೆ ಕಾಯಿಲೆ ಬರುತ್ತದೆಯೇ, ಬಂದರೆ ಯಾವಾಗ ಎಂದು ಅದು ಹೇಳಲಾರದು. ಒಂದೇ ಮನೆಯ, ಒಂದೇ ದೋಷವಿರುವ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಬಾಲ್ಯದಲ್ಲೇ ಮಿದುಳು ಕೆಡಬಹುದು, ಇನ್ನೊಬ್ಬನಿಗೆ ದೊಡ್ಡವನಾದ ಮೇಲೆ ಕಾಲುಗಳ ಬಿಗಿತವಷ್ಟೇ ಬರಬಹುದು. ಅದನ್ನು ತಿಳಿಸಬಲ್ಲದ್ದು ಕಾಲಕಾಲಕ್ಕೆ ಮಾಡುವ ಎಂಆರ್‌ಐ ಒಂದೇ. 3ರಿಂದ 12 ವರ್ಷದವರೆಗೆ 6 ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಬೇಕೆಂದು ತಜ್ಞರು ಹೇಳುವುದು ಇದಕ್ಕೇ. ಆ ತಮ್ಮನ ಐದನೇ ಸ್ಕ್ಯಾನಿನಲ್ಲಿ ಅಣ್ಣನ ಹಳೆಯ ಫಿಲ್ಮಿನಲ್ಲಿ ಕಂಡಿದ್ದಕ್ಕಿಂತಲೂ ಸಣ್ಣದೊಂದು ಚುಕ್ಕೆ ಅದೇ ಜಾಗದಲ್ಲಿ ಮೂಡಿತು. ಲಕ್ಷಣ ಒಂದೂ ಇರಲಿಲ್ಲ. ಕೂಡಲೇ ಕಸಿ ನಡೆಯಿತು. ಈಗ ಅವನು ಓದುತ್ತಾನೆ, ಓಡುತ್ತಾನೆ.

ಎಲ್ಲ ಕಾಯಿಲೆಗಳಿಗೂ ಇಂಥ ಚಿಕಿತ್ಸೆ ಇಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಹಾಗಿದ್ದರೆ ಹೆಸರು ತಿಳಿದು ಆಗುವುದೇನು ಎಂದು ಕೆಲವು ವೈದ್ಯರೂ ಕೇಳುತ್ತಾರೆ. ಈ ಪ್ರಶ್ನೆ ನನಗೆ ನೋವು ತರುತ್ತದೆ. ‘ಬಿಳಿ ದ್ರವ್ಯ ಕರಗುವ ಕಾಯಿಲೆ’ ಎಂದು ಕರೆಯಬಹುದಾದ ಒಂದಿದೆ. ಫ್ಲೇರ್ ಎಂಬ ಬಗೆಯ ಚಿತ್ರದಲ್ಲಿ ಅದನ್ನು ನೋಡಬೇಕು. ಉಳಿದ ಕಾಯಿಲೆಗಳಲ್ಲಿ ಬೆಳ್ಳಗೆ ಹೊಳೆಯುವ ಬಿಳಿ ದ್ರವ್ಯ ಇಲ್ಲಿ ಕಪ್ಪಾಗಿ, ಮಿದುಳಿನ ಸುತ್ತಲಿನ ನೀರಿನಂತೆಯೇ ಆಗಿಬಿಟ್ಟಿರುತ್ತದೆ; ಆ ಕಪ್ಪಿನ ನಡುವೆ ಅಳಿದುಳಿದ ಅಂಗಾಂಶ ಸಣ್ಣ ಎಳೆಗಳಾಗಿ ನಡುವಿನಿಂದ ಅಂಚಿಗೆ ಚಾಚಿಕೊಂಡಿರುತ್ತದೆ. ಐದು ವಂಶವಾಹಿಗಳ ಪೈಕಿ ಯಾವುದಾದರೂ ಒಂದರಲ್ಲಿ ದೋಷವಿದ್ದರೆ ಇದು ಬರುತ್ತದೆ. ಇದರ ವಿಶೇಷವೆಂದರೆ, ಒಂದು ಸಾಮಾನ್ಯ ಜ್ವರ ಅಥವಾ ತಲೆಗೆ ಬಿದ್ದ ಸಣ್ಣ ಪೆಟ್ಟು ಸಾಕು, ಅದುವರೆಗೆ ಓಡಾಡಿಕೊಂಡಿದ್ದ ಮಗು ಕೆಲವೇ ದಿನಗಳಲ್ಲಿ ಕುಸಿದು ಪ್ರಜ್ಞಾಹೀನ ಸ್ಥಿತಿಗೂ ಹೋಗಬಹುದು. ಹೆಸರು ತಿಳಿದ ಮನೆಯವರು ಜ್ವರವನ್ನು ಮೊದಲ ಗಂಟೆಯಲ್ಲೇ ಇಳಿಸಲು ನೋಡುತ್ತಾರೆ, ತಲೆಗೆ ಪೆಟ್ಟಾಗದಂತೆ ಕಾಯುತ್ತಾರೆ. ಕಾಯಿಲೆ ವಾಸಿಯಾಗದಿದ್ದರೂ ಮಗು ನಡೆಯುವ ದಿನಗಳು ಉಳಿಯಬಹುದು. ಇದನ್ನು ಏನೂ ಆಗದು ಎನ್ನಬಹುದೇ?

ಹೆಸರಿನಿಂದ ಮುಂದಿನ ಹೆರಿಗೆಯ ಲೆಕ್ಕವೂ ಬದಲಾಗುತ್ತದೆ. ಮುಂದಲೆಯ ಬಿಳಿ ದ್ರವ್ಯವನ್ನು ಹೆಚ್ಚಾಗಿ ಹಿಡಿದು, ಒಳಗಿನ ನೀರಿನ ಕೋಣೆಗಳ ಸುತ್ತ ವಿಶಿಷ್ಟ ಅಂಚು ಕಟ್ಟುವ ಚಿತ್ರ ಅಲೆಕ್ಸಾಂಡರ್ ಕಾಯಿಲೆಯದು. ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಹೊಸದಾಗಿ ಹುಟ್ಟಿದ ದೋಷ, ತಂದೆ ತಾಯಿಯಿಂದ ಬಂದದ್ದಲ್ಲ, ಹಾಗಾಗಿ ಮುಂದಿನ ಮಗುವಿಗೆ ಬರುವ ಸಂಭವ ಬಹಳ ಕಡಿಮೆ. ಬಿಳಿ ದ್ರವ್ಯದ ಬಿಳುಪಿನಲ್ಲಿ ಹುಲಿಪಟ್ಟೆಯಂಥ ಕಪ್ಪು ಗೆರೆಗಳು ಮೂಡುವ ಮೆಟಾಕ್ರೊಮ್ಯಾಟಿಕ್ ಲ್ಯುಕೋಡಿಸ್ಟ್ರೋಫಿಯಲ್ಲಿ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ಇದಕ್ಕೆ ಮಗುವಿನದೇ ಕಾಂಡಕೋಶಗಳನ್ನು ತಿದ್ದಿ ಮರಳಿ ಕೊಡುವ ಚಿಕಿತ್ಸೆಗೆ ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದೂ ಲಕ್ಷಣ ಕಾಣುವ ಮೊದಲು ಅಥವಾ ಕಂಡ ಹೊಸತರಲ್ಲಷ್ಟೇ ಪ್ರಯೋಜನಕಾರಿ. ಇನ್ನು ಎಂಎಲ್‌ಸಿಯಲ್ಲಿ ಚಿತ್ರ ನೋಡಿದರೆ ಎದೆ ಒಡೆಯುವಂತಿರುತ್ತದೆ, ಮಗು ಮಾತ್ರ ಎದುರಿಗೆ ನಗುತ್ತ ಆಡುತ್ತಿರುತ್ತದೆ. ಅದರ ಒಂದು ಬಗೆಯಲ್ಲಂತೂ ವರ್ಷಗಳು ಕಳೆದಂತೆ ಚಿತ್ರವೇ ಸುಧಾರಿಸುತ್ತದೆ. ಇದನ್ನು ತಿಳಿಯದೆ ಚಿತ್ರದ ಭೀಕರತೆ ನೋಡಿ ಮನೆಯವರಿಗೆ ಆಸೆ ಬಿಡಿ ಎಂದು ಹೇಳಿದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ದೊಡ್ಡವರಲ್ಲಿ ಕಥೆ ಬೇರೆ. ಅವರ ಬಿಳಿ ದ್ರವ್ಯದ ಕಲೆಗಳನ್ನು ವಯಸ್ಸು, ರಕ್ತದೊತ್ತಡ ಅಥವಾ ಮಲ್ಟಿಪಲ್ ಸ್ಕ್ಲೆರೋಸಿಸ್ ಲೆಕ್ಕಕ್ಕೆ ಹಾಕಿ ಮುಗಿಸುವುದು ರೂಢಿ. ಆದರೆ ಚಿಕ್ಕ ವಯಸ್ಸಿನಲ್ಲೇ ಕಣ್ಣಿನ ಪೊರೆ, ಬಾಲ್ಯದಿಂದ ಬಿಡದ ಭೇದಿ, ಹಿಮ್ಮಡಿಯ ಸ್ನಾಯುಬಂಧದಲ್ಲಿ ಗಂಟು ಇರುವವರ ಕಿರುಮಿದುಳಿನ ನಡುಭಾಗದಲ್ಲಿ ಎರಡೂ ಬದಿ ಬಿಳುಪು ಕಂಡರೆ ಅದು ಪಿತ್ತಾಮ್ಲ ತಯಾರಿಕೆಯ ದೋಷದಿಂದ ಬರುವ ಸೆರೆಬ್ರೊಟೆಂಡಿನಸ್ ಕ್ಸಾಂಥೊಮ್ಯಾಟೋಸಿಸ್ ಇರಬಹುದು. ಅದಕ್ಕೆ ಬಾಯಲ್ಲಿ ನುಂಗುವ ಔಷಧಿಯೇ ಇದೆ.

ಚಿತ್ರವೊಂದೇ ಸಾಕೆಂದು ನಾನು ವಾದಿಸುತ್ತಿಲ್ಲ. ಹುಲಿಪಟ್ಟೆ ಇನ್ನೂ ಒಂದೆರಡು ಕಾಯಿಲೆಗಳಲ್ಲಿ ಕಾಣುತ್ತದೆ. ಗರ್ಭದಲ್ಲಿ ತಗಲಿದ ಸೈಟೊಮೆಗಲೋ ವೈರಸ್ ಸೋಂಕು ಆನುವಂಶಿಕ ಕಾಯಿಲೆಯ ವೇಷ ಹಾಕಬಲ್ಲದು; ಐಕಾರ್ಡಿ–ಗುಟಿಯೆರ್ ಎಂಬ ಆನುವಂಶಿಕ ಕಾಯಿಲೆ ಅಂಥ ಸೋಂಕಿನ ವೇಷ ಹಾಕಬಲ್ಲದು. ಎರಡರಲ್ಲೂ ಮಿದುಳಿನಲ್ಲಿ ಸುಣ್ಣದ ಕಣಗಳು ಕೂಡಿಕೊಳ್ಳುತ್ತವೆ, ಅವು ಎಂಆರ್‌ಐಗಿಂತ ಸಿಟಿ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತವೆ. ಕೊನೆಯ ಮುದ್ರೆ ಒತ್ತಬೇಕಾದದ್ದು ರಕ್ತ, ಮೂತ್ರ ಅಥವಾ ವಂಶವಾಹಿಯ ಪರೀಕ್ಷೆಯೇ. ಆದರೆ ವಂಶವಾಹಿ ಪರೀಕ್ಷೆಯ ರಿಪೋರ್ಟ್ ಹಿಡಿದು ಬರುವ ಎಷ್ಟೋ ಮನೆಯವರ ಕೈಯಲ್ಲಿರುವುದು ‘ಅರ್ಥ ಖಚಿತವಾಗದ ಬದಲಾವಣೆ’ ಎಂಬ ಸಾಲು. ಸಾವಿರಾರು ವಂಶವಾಹಿಗಳನ್ನು ಒಟ್ಟಿಗೆ ಓದಿದಾಗ ಇಂಥವು ಸಿಗುವುದು ಸಹಜ. ಆ ಬದಲಾವಣೆ ನಿರಪರಾಧಿಯೇ ಅಪರಾಧಿಯೇ ಎಂದು ತೀರ್ಮಾನಿಸುವಾಗ, ಮಗುವಿನ ಚಿತ್ರ ಆ ವಂಶವಾಹಿಯ ಜಾಡಿಗೆ ಹೊಂದುತ್ತದೆಯೇ ಎಂದು ಮತ್ತೆ ಸ್ಕ್ಯಾನಿನ ಮುಂದೆಯೇ ಬಂದು ಕೂರಬೇಕಾಗುತ್ತದೆ. ಕೆಲವೊಮ್ಮೆ ಪರೀಕ್ಷೆಯಲ್ಲಿ ಏನೂ ಸಿಗದೆ ಹೋದಾಗಲೂ ಚಿತ್ರ ನಿಚ್ಚಳವಾಗಿದ್ದರೆ, ಇದೇ ವಂಶವಾಹಿಯನ್ನು ಇನ್ನಷ್ಟು ಆಳವಾಗಿ ನೋಡಿ ಎಂದು ಪ್ರಯೋಗಾಲಯಕ್ಕೆ ಬೆರಳು ಮಾಡಿ ತೋರಿಸಬಹುದು.

ಹಾಗಾಗಿ ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಕಾಯಿಲೆಯ ಹೆಸರು ಹೊಳೆಯದಿದ್ದರೆ ಬರೆಯಬೇಡಿ, ಆದರೆ ಜಾಡನ್ನು ಬರೆಯಿರಿ. ಹಿಂಭಾಗವೋ ಮುಂಭಾಗವೋ, ನೀರಿನ ಕೋಣೆಗಳ ಸುತ್ತಲೋ ಹೊರಪದರದ ಕೆಳಗೋ, ಎರಡೂ ಬದಿ ಒಂದೇ ಸಮನಾಗಿದೆಯೋ ಅಲ್ಲಲ್ಲಿ ಚದುರಿದೆಯೋ, ಮಿದುಳು ಕಾಂಡ ಮತ್ತು ಕಿರುಮಿದುಳು ಹೇಗಿವೆ, ಗುಳ್ಳೆಗಳಿವೆಯೇ ಎಂದು ನಾಲ್ಕು ಸಾಲು ಬರೆದರೆ ಅದನ್ನು ಓದಿದ ಇನ್ನೊಬ್ಬರಿಗೆ ಹೆಸರು ಹೊಳೆದೀತು. ಇಂಥ ಅನುಮಾನವಿದ್ದಾಗ, ಅದೇ ಯಂತ್ರದಲ್ಲಿ ಮಿದುಳಿನ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿಯನ್ನೂ ಸೇರಿಸಿ; ಕ್ಯಾನವನ್ ಎಂಬ ಇನ್ನೊಂದು ಲ್ಯುಕೋಡಿಸ್ಟ್ರೋಫಿ ಕಾಯಿಲೆಯಲ್ಲಿ ಎನ್‌ಎಎ ಎಂಬ ರಾಸಾಯನಿಕದ ಶಿಖರ ಎತ್ತರಕ್ಕೆ ನಿಂತು ತಾನಾಗಿಯೇ ಉತ್ತರ ಹೇಳಿಬಿಡುತ್ತದೆ.

ತಂದೆ ತಾಯಂದಿರಿಗೂ ಒಂದು ಮಾತು. ಎಂಆರ್‌ಐಯಲ್ಲಿ ಎಕ್ಸ್‌ರೇ ವಿಕಿರಣ ಇರುವುದಿಲ್ಲ. ಆದ್ದರಿಂದ ಮತ್ತೆ ಸ್ಕ್ಯಾನ್ ಮಾಡಿಸಬೇಕೆಂದು ವೈದ್ಯರು ಹೇಳಿದರೆ ಆ ಕಾರಣಕ್ಕೆ ಹೆದರಬೇಕಿಲ್ಲ. ಮಗು ಅಲುಗದೆ ಮಲಗಬೇಕಾದ್ದರಿಂದ ನಿದ್ದೆಯ ಔಷಧಿ ಅಥವಾ ಅರಿವಳಿಕೆ ಬೇಕಾಗಬಹುದು, ಅದರ ಸಾಧಕ ಬಾಧಕವನ್ನು ಕೇಳಿ ತಿಳಿದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ರಿಪೋರ್ಟಿನ ಹಾಳೆಯನ್ನಷ್ಟೇ ಫೈಲಿಗೆ ಹಾಕಿ ಚಿತ್ರಗಳನ್ನು ಬಿಟ್ಟು ಬರಬೇಡಿ. ಪೂರ್ತಿ ಚಿತ್ರಗಳಿರುವ ಸಿಡಿಯನ್ನು ಕೇಳಿ ಪಡೆಯಿರಿ, ಅದರ ಒಂದು ಪ್ರತಿ ಮಾಡಿಟ್ಟುಕೊಳ್ಳಿ, ಮೇಲೆ ಸ್ಕ್ಯಾನ್ ಮಾಡಿಸಿದ ದಿನಾಂಕವನ್ನೂ ಅಂದು ಮಗುವಿಗೆ ಎಷ್ಟು ತಿಂಗಳಾಗಿತ್ತು ಎಂಬುದನ್ನೂ ಬರೆದಿಡಿ. ಆ ತಾಯಿ ಚೀಲದಲ್ಲಿ ಆ ಪ್ಲಾಸ್ಟಿಕ್ ಕವರನ್ನು ಜೋಪಾನ ಮಾಡಿಟ್ಟುಕೊಂಡು ಬಂದಿದ್ದರಿಂದಲೇ ಅಣ್ಣನಲ್ಲಿ ಕಾಯಿಲೆ ಯಾವ ಜಾಗದಿಂದ ಹೊರಟಿತ್ತೆಂದು ನಮಗೆ ತಿಳಿಯಿತು. ತಮ್ಮನ ಪ್ರತಿ ಸ್ಕ್ಯಾನಿನಲ್ಲೂ ನಾನು ಮೊದಲು ಕಣ್ಣು ಹಾಯಿಸುತ್ತಿದ್ದುದು ಆ ಜಾಗಕ್ಕೇ.

ಇಂತಿ ತಮ್ಮ ವಿಶ್ವಾಸಿ,
ಓರ್ವ ರೇಡಿಯಾಲಜಿಸ್ಟ್